ಕರಾಟೆ ಪಂಚ್‌ಗೆ ಪವರ್ ಬರ್ಬೇಕಾ? ಮೊದ್ಲು ಬಲ ಹಾಕೋದು ನಿಲ್ಸಿ: ಗ್ಯಾಕು ಜುಕಿ, ಹಂತ ಹಂತವಾಗಿ

"ಸರ್, ಪಂಚ್‌ನಲ್ಲಿ ಪವರ್ರೇ ಬರ್ತಿಲ್ಲ, ಜಿಮ್ ಸೇರ್ಕೊಳ್ಳಾ?" "ದಿನಾ ನೂರು ಪುಷ್‌ಅಪ್ ಹೊಡೀತೀನಿ, ಆದ್ರೂ ಪ್ಯಾಡ್ ಹಿಡ್ಕೊಂಡಿರೋನು ಅಲ್ಲಾಡಲ್ಲ." "ಮಗಳು ತುಂಬಾ ಸಣ್ಣಗಿದಾಳೆ, ಅವ್ಳಿಗೆ ಕರಾಟೆ ಆಗತ್ತಾ?" ಈ ಮೂರು ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇರತ್ತೆ. ಮೂರಕ್ಕೂ ಉತ್ತರ ಒಂದೇ ಕಡೆ ಇರೋದ್ರಿಂದ ಈ ಸಲ ಉದ್ದಕ್ಕೆ ಬರ್ದುಬಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳ್ಸಿ.

ಉದಾಹರಣೆಗೆ ಒಂದೇ ಒಂದು ಏಟು ತಗೊಳ್ತೀನಿ, ಗ್ಯಾಕು ಜುಕಿ. ಹಾಗಂದ್ರೆ ಮುಂದೆ ಇರೋ ಕಾಲಿಗೆ ವಿರುದ್ಧದ ಕೈಯಿಂದ ಹೊಡಿಯೋ ನೇರ ಪಂಚ್. ಎಡಗಾಲು ಮುಂದಿದ್ರೆ ಬಲಗೈ. ಶೋಟೋಕಾನ್ ಅನ್ನೋ ಕರಾಟೆ ಸ್ಟೈಲ್ ಕಲಿಯೋರಿಗೆ ಹೆಯಾನ್ ನಿದಾನ್ ಕಾಟಾದಲ್ಲಿ (ಕಾಟಾ ಅಂದ್ರೆ ಒಬ್ರೇ ಮಾಡೋ, ಮೊದ್ಲೇ ಜೋಡಿಸಿರೋ ಚಲನೆಗಳ ಸರಣಿ) ಇದು ಬರತ್ತೆ, ಬೇರೆ ಸ್ಟೈಲ್‌ನೋರಿಗೂ ಗೊತ್ತಿರತ್ತೆ. ಸೊಂಟ, ಕಾಲು, ಭುಜ, ಮುಷ್ಟಿ ಎಲ್ಲಾ ಇದ್ರಲ್ಲಿ ಕೆಲ್ಸ ಮಾಡೋದ್ರಿಂದ ತಪ್ಪು ಎಲ್ಲಿದೆ ಅಂತ ಹುಡುಕೋಕೆ ಇದಕ್ಕಿಂತ ಒಳ್ಳೆ ಏಟು ಇಲ್ಲ.

ಬಲ ಯಾಕೆ ಕೊನೆಗೆ?

2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. 12 ಜನ ಬ್ಲ್ಯಾಕ್ ಬೆಲ್ಟ್‌ಗಳು ಒಂದ್ಕಡೆ, ಕರಾಟೆ ಗೊತ್ತಿಲ್ದೇ ಇರೋ ಆದ್ರೆ ದಿನನಿತ್ಯ ವ್ಯಾಯಾಮ ಮಾಡಿ ಗಟ್ಟಿಮುಟ್ಟಾಗಿರೋ 12 ಜನ ಇನ್ನೊಂದ್ಕಡೆ. ಎಲ್ಲರೂ ಬರೀ 5 ಸೆಂಟಿಮೀಟರ್ ದೂರದಿಂದ ಪಂಚ್ ಮಾಡ್ಬೇಕು. ಬ್ಲ್ಯಾಕ್ ಬೆಲ್ಟ್‌ಗಳ ಏಟೇ ಜೋರಾಗಿತ್ತು, ಅದು ನಿರೀಕ್ಷೆ ಮಾಡಿದ್ದೇ. ಆದ್ರೆ ಏಟಿನ ಜೋರು ಯಾವುದಕ್ಕೆ ತಾಳೆ ಆಗ್ತಿತ್ತು ಅಂದ್ರೆ, ಮಣಿಕಟ್ಟು ಮತ್ತು ಭುಜ ಎಷ್ಟು ಕರೆಕ್ಟಾಗಿ ಒಂದಕ್ಕೊಂದು ಹೊಂದ್ಕೊಂಡು ಚಲಿಸ್ತಿತ್ತು ಅನ್ನೋದಕ್ಕೆ, ಅಂದ್ರೆ ಟೈಮಿಂಗ್‌ಗೆ. ಮೆದುಳಿನ ಸ್ಕ್ಯಾನ್‌ನಲ್ಲೂ, ಚಲನೆಯ ಹೊಂದಾಣಿಕೆ ನೋಡ್ಕೊಳ್ಳೋ ಕಿರುಮೆದುಳಿನ ಭಾಗದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಿಸ್ತು.

ಇನ್ನು ಸ್ಕೂಲಲ್ಲಿ ಓದಿದ ಫಿಸಿಕ್ಸ್ ನೆನಪು ಮಾಡ್ಕೊಳಿ. ಚಲನಶಕ್ತಿಯ ಲೆಕ್ಕದಲ್ಲಿ ತೂಕ ಎರಡು ಪಟ್ಟಾದ್ರೆ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದ್ರೆ ಶಕ್ತಿ ನಾಲ್ಕು ಪಟ್ಟು. ಸಣ್ಣಗಿರೋ ಮಗಳ ಬಗ್ಗೆ ಕೇಳಿದ್ರಲ್ಲ, ಅವ್ಳಿಗೆ ದಾರಿ ಇರೋದು ಇಲ್ಲೇ. ಹಾಗಂತ ದೇಹದ ತೂಕ ಲೆಕ್ಕಕ್ಕೇ ಬರಲ್ಲ ಅಂತ ನಾನು ಹೇಳಲ್ಲ, ಲೆಕ್ಕಕ್ಕೆ ಬರದೇ ಇದ್ದಿದ್ರೆ ಕುಮಿಟೆ (ಇಬ್ರು ಎದುರುಬದುರಾಗಿ ಆಡೋ ಕಾಳಗ) ಸ್ಪರ್ಧೆಗಳಲ್ಲಿ ತೂಕದ ವಿಭಾಗ ಮಾಡ್ತಾ ಇರ್ಲಿಲ್ಲ. ಆದ್ರೆ ಇರೋ ತೂಕ ಪೂರ್ತಿ ಮುಷ್ಟಿಯ ಹಿಂದೆ ಬರೋ ಹಾಗೆ ಮಾಡೋದು ಟೆಕ್ನಿಕ್, ಮತ್ತು ನಮ್ಮಲ್ಲಿ ಬಹಳಷ್ಟು ಜನ ತಮ್ಮ ತೂಕದಲ್ಲಿ ಅರ್ಧಾನೂ ಬಳಸ್ತಾ ಇಲ್ಲ, ಬರೀ ತೋಳಲ್ಲಿ ಹೊಡೀತಿದಾರೆ.

ಬಲದ ಇನ್ನೊಂದು ತೊಂದ್ರೆ ಅಂದ್ರೆ ಅದು ತಪ್ಪನ್ನ ಮುಚ್ಚಿಹಾಕತ್ತೆ. ತೋಳು ದಪ್ಪ ಇರೋ ಹುಡುಗ ಸೊಂಟ ತಿರುಗಿಸ್ದೇ ಹೊಡುದ್ರೂ ಪ್ಯಾಡ್ "ಧಡ್" ಅನ್ನತ್ತೆ, ಅವ್ನು ಸರಿಯಾಗೇ ಇದೆ ಅನ್ಕೋತಾನೆ, ವರ್ಷಗಟ್ಲೆ ಹಾಗೇ ಹೋಗತ್ತೆ. ಅದಕ್ಕೇ ಕೆಳಗಿನ ಹಂತಗಳಲ್ಲಿ ಬಲವನ್ನ ಬೇಕಂತಲೇ ತೆಗ್ದುಬಿಟ್ಟಿದೀನಿ, ತಪ್ಪು ಕಣ್ಣಿಗೆ ಕಾಣ್ಲಿ ಅಂತ.

ಏನೇನು ಬೇಕು

ಉದ್ದ ಕನ್ನಡಿ ಅಥವಾ ಸ್ಲೋ ಮೋಷನ್ ಇರೋ ಫೋನು, ಸೀಮೆಸುಣ್ಣ, ಒಂದು ಪ್ಲಾಸ್ಟಿಕ್ ಕುರ್ಚಿ, ಹಳೇ ನ್ಯೂಸ್‌ಪೇಪರ್, ಬಟ್ಟೆ ಒಣಗಿಸೋ ಹಗ್ಗ ಮತ್ತೆ ಕ್ಲಿಪ್ಪು, ಒಂದು ಪ್ಯಾಕೆಟ್ ಸ್ಟಿಕ್ಕರ್ ಬಿಂದಿ. ಕೊನೇ ಹಂತಗಳಿಗೆ ಒಂದು ಫೋಕಸ್ ಪ್ಯಾಡು (ಕೈಗೆ ಹಾಕ್ಕೊಂಡು ಹಿಡಿಯೋ ಮೆತ್ತನೆ ಹಲಗೆ), ಅದನ್ನ ಹಿಡಿಯೋಕೆ ಒಬ್ರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಒಂದೊಂದು ಹಂತಕ್ಕೂ ಕನಿಷ್ಠ ಒಂದು ವಾರ ಕೊಡಿ. ಶುರು ಮಾಡೋ ಮುಂಚೆ ಐದು ನಿಮಿಷ ಮೈ ಬಿಸಿ ಮಾಡ್ಕೊಳಿ, ಮಣಿಕಟ್ಟು ಭುಜ ಸೊಂಟ ತಿರುಗ್ಸಿ.

ಹಂತ 1: ಮುಷ್ಟಿ

ಬ್ರೌನ್ ಬೆಲ್ಟ್‌ನೋರೂ "ಇದು ಗೊತ್ತು ಬಿಡಿ" ಅಂತ ಹಾರಿಸೋ ಹಂತ, ದಯವಿಟ್ಟು ಹಾರಿಸ್ಬೇಡಿ. ನಾಲ್ಕು ಬೆರಳನ್ನೂ ಮೊದ್ಲು ತುದಿಯಿಂದ ಮಡಚಿ, ಆಮೇಲೆ ಬುಡದಿಂದ ಒಳಕ್ಕೆ ಸುತ್ತಿ, ಹೆಬ್ಬೆರಳನ್ನ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡಕ್ಕೆ ಒತ್ತಿ. ಹೆಬ್ಬೆರಳು ಒಳಗೆ ಸಿಕ್ಕಾಕ್ಕೊಂಡ್ರೆ ಮೊದಲ ಏಟಿಗೇ ಉಳುಕತ್ತೆ.

ತಾಗ್ಬೇಕಾಗಿರೋದು ಸೆಯ್ಕೆನ್, ಅಂದ್ರೆ ತೋರುಬೆರಳು ಮತ್ತು ನಡುಬೆರಳಿನ ಬುಡದ ಎರಡು ಗೆಣ್ಣು. ಯಾಕೆ ಇವೆರಡೇ? ಈ ಎರಡು ಬೆರಳಿನ ಹಿಂದಿರೋ ಅಂಗೈ ಮೂಳೆಗಳು ಮಣಿಕಟ್ಟಿನ ಹತ್ರ ಹೆಚ್ಚುಕಮ್ಮಿ ಅಲ್ಲಾಡದ ಹಾಗೆ ಕೂತಿರತ್ತೆ, ಏಟಿನ ಭಾರ ನೇರ ಮುಂಗೈಗೆ ಹೋಗತ್ತೆ. ಉಂಗುರಬೆರಳು ಕಿರುಬೆರಳಿನ ಮೂಳೆಗಳು ಹಾಗಲ್ಲ, ಅವು ಆಡತ್ತೆ. ಮುಷ್ಟಿ ಬಿಗಿ ಮಾಡಿ ನಿಮ್ಮ ಕಿರುಬೆರಳಿನ ಗೆಣ್ಣನ್ನ ಇನ್ನೊಂದು ಕೈಯಲ್ಲಿ ಒತ್ತಿ ನೋಡಿ, ಒಳಕ್ಕೆ ಹೋಗೋದು ಗೊತ್ತಾಗತ್ತೆ. ಗೋಡೆಗೋ ಬಾಗಿಲಿಗೋ ಸಿಟ್ಟಲ್ಲಿ ಗುದ್ದಿ ಆಸ್ಪತ್ರೆಗೆ ಹೋಗೋರಲ್ಲಿ ಸಾಮಾನ್ಯವಾಗಿ ಮುರಿಯೋದು ಈ ಕಿರುಬೆರಳಿನ ಹಿಂದಿನ ಮೂಳೆನೇ, ಡಾಕ್ಟರ್‌ಗಳು ಇದನ್ನ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಾರೆ.

ಪರೀಕ್ಷೆ ಹೀಗೆ ಮಾಡಿ: ನಾಲ್ಕೂ ಗೆಣ್ಣಿಗೆ ಸೀಮೆಸುಣ್ಣ ಸವರಿ, ಕಪ್ಪು ಪ್ಯಾಡ್ ಮೇಲೋ ಹಳೇ ಕಪ್ಪು ಬ್ಯಾಗ್ ಮೇಲೋ ಮೆತ್ತಗೆ ಮುಷ್ಟಿ ಇಡಿ. ಎರಡು ಬಿಳಿ ಚುಕ್ಕಿ ಅಕ್ಕಪಕ್ಕ ಬಿದ್ರೆ ಸರಿ. ಮೂರನೇದು ಮಸುಕಾಗಿ ಕಂಡ್ರೆ ಮಣಿಕಟ್ಟು ಹೊರಗಡೆ ಸೊಟ್ಟ ಆಗಿದೆ. ನಾಲ್ಕೂ ಬಿದ್ರೆ ನೀವು ಇನ್ನೂ ಯಾವುದಕ್ಕೂ ಜೋರಾಗಿ ಹೊಡಿಯೋ ಹಾಗಿಲ್ಲ. ಹಿಂಗೈ ಮತ್ತು ಮುಂಗೈ ಒಂದೇ ನೇರದಲ್ಲಿ ಇದೆಯಾ ಅಂತ ಪಕ್ಕದಿಂದ ಒಂದು ಸ್ಕೇಲ್ ಇಟ್ಟು ನೋಡ್ಕೊಳಿ.

ಹಂತ 2: ನಿಲುವು

ಜೆನ್‌ಕುತ್ಸು ದಾಚಿ, ಮುಂದಿನ ಮಂಡಿ ಬಗ್ಗಿಸಿ ನಿಲ್ಲೋ ಉದ್ದ ನಿಲುವು. ಅಗಲ ಸೊಂಟದಷ್ಟು, ಉದ್ದ ಭುಜದ ಅಗಲದ ಸುಮಾರು ಎರಡು ಪಟ್ಟು, ಮುಂದಿನ ಕಾಲ ಮೇಲೆ ಅಂದಾಜು ಶೇ. 60 ಭಾರ. ನಿಮ್ಮ ಸ್ಟೈಲ್‌ನಲ್ಲಿ ಇದಕ್ಕಿಂತ ಚಿಕ್ಕದು ಹೇಳ್ಕೊಟ್ಟಿದ್ರೆ ಹಾಗೇ ನಿಲ್ಲಿ, ತೊಂದ್ರೆ ಇಲ್ಲ. ತಪ್ಪಾಗೋದು ಅಗಲದಲ್ಲಿ. ಎರಡೂ ಕಾಲು ಒಂದೇ ಗೆರೆ ಮೇಲೆ ಬಂದ್ಬಿಡತ್ತೆ, ಆಗ ಸೊಂಟ ತಿರುಗೋಕೆ ಜಾಗಾನೇ ಇರಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳ್ಕೊಂಡು ನಿಲ್ಲಿ, ಮುಗೀತು.

ಹಂತ 3: ಕೈ ಕಟ್ಟಿಹಾಕಿ ಬರೀ ಸೊಂಟ

ಇಲ್ಲಿ ಜಾಸ್ತಿ ಹೊತ್ತು ಕಳೀಬೇಕು, ಪಂಚ್‌ನ ಪವರ್ ಹುಟ್ಟೋದೇ ಇಲ್ಲಿ.

ಎರಡೂ ಕೈ ಸೊಂಟದ ಮೇಲಿಡಿ. ಪಂಚ್ ಇಲ್ಲ. ಮೊದ್ಲು ಹನ್ಮಿ, ಅಂದ್ರೆ ಸೊಂಟ ಅರ್ಧ ಪಕ್ಕಕ್ಕೆ ತಿರುಗಿರೋ ಸ್ಥಿತಿ. ಅಲ್ಲಿಂದ ಶೋಮೆನ್, ಅಂದ್ರೆ ಸೊಂಟ ಪೂರ್ತಿ ಎದುರಿಗೆ. ಈ ತಿರುವು ಶುರುವಾಗ್ಬೇಕಾಗಿರೋದು ಹಿಂದಿನ ಪಾದದಿಂದ: ಹಿಮ್ಮಡಿ ನೆಲ ಒತ್ತತ್ತೆ, ಹಿಂದಿನ ಮಂಡಿ ನೆಟ್ಟಗಾಗತ್ತೆ, ಆ ತಳ್ಳುವಿಕೆಗೆ ಸೊಂಟ ತಿರುಗತ್ತೆ. ಭುಜ ಎಳ್ಕೊಂಡು ಸೊಂಟ ತಿರುಗಿಸೋದಲ್ಲ. ವ್ಯತ್ಯಾಸ ಹೊರಗಿಂದ ನೋಡೋರಿಗೆ ಕಾಣ್ದೇ ಇರ್ಬಹುದು, ನಿಮಗೆ ಮಾತ್ರ ಗೊತ್ತಾಗತ್ತೆ, ಸರಿಯಾಗಿ ಮಾಡಿದ್ರೆ ಹಿಂದಿನ ತೊಡೆ ಮತ್ತು ಪೃಷ್ಠದ ಸ್ನಾಯು ಕೆಲ್ಸ ಮಾಡಿದ್ದು ತಿಳಿಯತ್ತೆ, ತಪ್ಪು ಮಾಡಿದ್ರೆ ಕೆಳಬೆನ್ನು ನೋಯತ್ತೆ.

ಈಗ ಆ ಪ್ಲಾಸ್ಟಿಕ್ ಕುರ್ಚಿ ತಗೊಂಡು ಮುಂದಿನ ಮಂಡಿಯ ಹೊರಬದಿಗೆ ತಾಗೀತೋ ಇಲ್ವೋ ಅನ್ನೋ ಹಾಗೆ ಇಡಿ. ಸೊಂಟ ತಿರುಗಿಸಿದಾಗ ಕುರ್ಚಿ ಅಲ್ಲಾಡ್ಬಾರ್ದು. ಮೊದಲ ದಿನ ಹೆಚ್ಚಿನೋರ ಕುರ್ಚಿ ಕರ್ರ್ ಅಂತ ಜರುಗತ್ತೆ. ಕುರ್ಚಿಯನ್ನ ಮಂಡಿಯ ಒಳಬದಿಗೆ ಇಟ್ಟೂ ಇದೇ ಪರೀಕ್ಷೆ ಮಾಡಿ. ಮುಂದಿನ ಮಂಡಿ ಆಡಿದ್ರೆ ಹಿಂದಿನ ಕಾಲು ಕಳ್ಸಿದ ಬಲ ಅಲ್ಲೇ ಸೋರಿ ಹೋಯ್ತು ಅಂತ ಅರ್ಥ, ಮುಷ್ಟಿಗೆ ತಲುಪಿಲ್ಲ. ಹಾಗೇ ಪದೇ ಪದೇ ಮಂಡಿ ತಿರುಚೋದು ಕೀಲಿಗೂ ಒಳ್ಳೇದಲ್ಲ.

ಜೊತೆಗೆ ಯಾರಾದ್ರೂ ಇದ್ರೆ ಬೆಲ್ಟ್ ಬಿಚ್ಚಿ ನಿಮ್ಮ ಸೊಂಟದ ಸುತ್ತ ಹಾಕಿ, ಎರಡೂ ತುದಿ ಹಿಂದಿನಿಂದ ಅವ್ರು ಹಗುರವಾಗಿ ಹಿಡ್ಕೊಳ್ಳಲಿ. ಆ ಸಣ್ಣ ಎಳೆತಕ್ಕೆ ವಿರುದ್ಧವಾಗಿ ಸೊಂಟ ತಿರುಗ್ಸಿ. ಹಗ್ಗಜಗ್ಗಾಟ ಆಗ್ಬಾರ್ದು, ಸೊಂಟ ಎಲ್ಲಿದೆ ಅಂತ ನಿಮಗೆ ತಿಳಿಯೋಷ್ಟು ಎಳೆತ ಸಾಕು. ಎಡಕ್ಕೆ ಹತ್ತು, ಬಲಕ್ಕೆ ಹತ್ತು, ಇದು ಒಂದು ಸೆಟ್. ಮೂರು ಸೆಟ್.

ಹಂತ 4: ಕೈ ಸೇರಿಸೋದು, ಆದ್ರೆ ನಿಧಾನವಾಗಿ

ಒಂದು ಪಂಚ್‌ಗೆ ಐದು ಸೆಕೆಂಡ್ ತಗೊಳಿ. ಸೊಂಟ ಮೊದ್ಲು ಹೊರಡ್ಬೇಕು, ಕೈ ಆಮೇಲೆ. ಒದ್ದೆ ಟವೆಲ್ ಜಾಡಿಸೋವಾಗ ಕೈ ಮೊದ್ಲು ಹೋಗಿ ತುದಿ ಕೊನೇಲಿ ಛಟ್ ಅನ್ನತ್ತಲ್ಲ, ಇಲ್ಲೂ ಪಾದ, ಮಂಡಿ, ಸೊಂಟ, ಭುಜ, ಮೊಣಕೈ, ಮುಷ್ಟಿ ಅನ್ನೋ ಕ್ರಮ. ಎಲ್ಲಾ ಬೇರೆ ಬೇರೆ ಹೊತ್ತಿಗೆ ಹೊರಟ್ರೂ ಸೊಂಟ ನಿಲ್ಲೋದು ಮತ್ತು ಮುಷ್ಟಿ ತಲುಪೋದು ಒಂದೇ ಕ್ಷಣಕ್ಕೆ ಆಗ್ಬೇಕು. ಮೇಲೆ ಹೇಳಿದ ಅಧ್ಯಯನದಲ್ಲಿ ಅಳೆದಿದ್ದೂ ಈ ಥರದ ಹೊಂದಾಣಿಕೆನೇ.

ಮೊಣಕೈ ಪಕ್ಕೆಲುಬಿಗೆ ಸವರ್ಕೊಂಡು ಹೋಗ್ಬೇಕು. ಕೈ ಮೈಯಿಂದ ದೂರ ಹೋದ್ರೆ ಪಂಚ್ ಬಿಲ್ಲಿನ ಥರ ಸುತ್ತು ಹಾಕತ್ತೆ, ಎದುರಾಳಿಗೆ ಬೇಗ ಕಾಣತ್ತೆ, ಭುಜವೂ ಮೇಲಕ್ಕೆ ಏಳತ್ತೆ. ಮುಷ್ಟಿ ಸೊಂಟದಲ್ಲಿ ಅಂಗೈ ಮೇಲಾಗಿ ಶುರುವಾಗಿ ಕೊನೇ ಕೆಲವು ಇಂಚಲ್ಲಿ ಮಾತ್ರ ತಿರುಗ್ಲಿ. ಇನ್ನೊಂದು ಕೈ ಅದೇ ವೇಗದಲ್ಲಿ ಹಿಂದಕ್ಕೆ ಸೊಂಟಕ್ಕೆ ಬರತ್ತೆ, ಇದು ಹಿಕಿತೆ, ಎಳೆಯೋ ಕೈ. ಬುಂಕಾಯಲ್ಲಿ (ಕಾಟಾದ ಚಲನೆ ನಿಜವಾಗಿ ಯಾವುದಕ್ಕೆ ಅಂತ ಬಿಡ್ಸಿ ನೋಡೋದು) ಇದು ಎದುರಾಳಿಯ ಕೈ ಹಿಡಿದು ಎಳೆಯೋ ಕೈ, ಬರೀ ಅಲಂಕಾರ ಅಲ್ಲ.

ಫೋನ್ ಅನ್ನ ಸೊಂಟದ ಎತ್ತರಕ್ಕೆ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ, ನಿಧಾನ ಮಾಡಿ ನೋಡಿ. ಮೂರೇ ವಿಷಯ ನೋಡಿ: ಬೆಲ್ಟಿನ ಗಂಟು ಮುಷ್ಟಿಗಿಂತ ಮೊದ್ಲು ಚಲಿಸ್ತಾ? ಭುಜ ಕಿವಿ ಕಡೆ ಹೋಯ್ತಾ? ಹಿಂದಿನ ಹಿಮ್ಮಡಿ ನೆಲ ಬಿಡ್ತಾ? ಒಟ್ಟಿಗೆ ಹತ್ತು ತಪ್ಪು ತಿದ್ದೋಕೆ ಹೋಗ್ಬೇಡಿ, ಒಂದು ದಿನಕ್ಕೆ ಒಂದು.

ಇಲ್ಲೊಂದು ಎಚ್ಚರಿಕೆ. ಗಾಳಿಯಲ್ಲಿ ಹೊಡಿಯೋವಾಗ ಮೊಣಕೈನ ಕೊನೇ ತನಕ ಝಾಡಿಸಿ ಲಾಕ್ ಮಾಡ್ಬೇಡಿ. ಗಾಳಿಯಲ್ಲಿ ಏಟನ್ನ ತಡಿಯೋಕೆ ಏನೂ ಇರಲ್ಲ, ಆ ಭಾರ ಎಲ್ಲಾ ಕೀಲಿನ ಮೇಲೇ ಬೀಳತ್ತೆ. ಕೂದಲೆಳೆಯಷ್ಟು ಬಗ್ಗಿರ್ಲಿ. ಮೊಣಕೈ ಹಿಂಭಾಗ ನೋಯ್ತಾ ಇದೆ ಅಂತ ಬರೆಯೋರು ಮೊದ್ಲು ಇದನ್ನೇ ನೋಡ್ಕೊಳಿ.

ಹಂತ 5: ಸಡಿಲ, ಬಿಗಿ, ಸಡಿಲ

ಕರಾಟೆಯಲ್ಲಿ ಕಿಮೆ ಅಂತಾರೆ, ತಾಗೋ ಕ್ಷಣದಲ್ಲಿ ಮಾತ್ರ ಇಡೀ ಮೈ ಒಂದಾಗಿ ಬಿಗಿಯಾಗೋದು. ಕೈ ಚಾಚೋದು ತೋಳಿನ ಹಿಂದಿರೋ ಟ್ರೈಸೆಪ್ಸ್. ಮುಂದಿರೋ ಬೈಸೆಪ್ಸ್ ಕೆಲ್ಸ ಕೈ ಮಡಚೋದು. ಶುರುವಿಂದಲೇ ಹಲ್ಲು ಕಚ್ಚಿ ತೋಳು ಬಿಗಿ ಮಾಡಿದ್ರೆ ಎರಡೂ ಒಟ್ಟಿಗೆ ಎಳೀತಿರತ್ತೆ, ಅಂದ್ರೆ ನಿಮ್ಮ ಪಂಚ್‌ಗೆ ನೀವೇ ಬ್ರೇಕ್ ಹಾಕ್ತಿದೀರ. ಜಿಮ್ಮಲ್ಲಿ ಚೆನ್ನಾಗಿ ಬೈಸೆಪ್ಸ್ ಬೆಳೆಸಿದೋರಿಗೆ ಶುರುವಲ್ಲಿ ಕಷ್ಟ ಆಗೋದು ಇಲ್ಲೇ. ದಪ್ಪ ತೋಳಿಂದ ತೊಂದ್ರೆ ಅಲ್ಲ, ಸಡಿಲ ಬಿಡೋ ಅಭ್ಯಾಸ ಇಲ್ದೇ ಇರೋದ್ರಿಂದ.

ಜೊತೆಗಾರರು ನಿಮ್ಮ ಬೈಸೆಪ್ಸ್ ಮೇಲೆ ಎರಡು ಬೆರಳಿಡ್ಲಿ. ನೀವು ಅರ್ಧ ವೇಗದಲ್ಲಿ ಪಂಚ್ ಮಾಡಿ. ದಾರಿಯಲ್ಲೇ ಸ್ನಾಯು ಕಲ್ಲಾದ್ರೆ ಅವ್ರು "ಬಿಗಿ" ಅನ್ನಲಿ. ಹೆಚ್ಚಿನೋರಿಗೆ ಮುಖದಿಂದ ಶುರುವಾಗತ್ತೆ, ದವಡೆ ಬಿಗಿ, ಆಮೇಲೆ ಕುತ್ತಿಗೆ, ಆಮೇಲೆ ಭುಜ, ಹಾಗಾಗಿ ಬಾಯಿಂದ ಸಣ್ಣಗೆ ಉಸಿರು ಬಿಡ್ತಾ ಹೊಡೀರಿ. ಮುಷ್ಟಿಯೂ ದಾರಿಯಲ್ಲಿ ಸ್ವಲ್ಪ ಸಡಿಲವಾಗೇ ಇದ್ದು ತಾಗೋ ಹೊತ್ತಿಗೆ ಹಿಂಡಿದ ಹಾಗೆ ಬಿಗಿಯಾಗ್ಲಿ. ಬಿಗಿ ಹಿಡ್ಕೊಂಡೇ ನಿಲ್ಲೋದೂ ತಪ್ಪು, ತಕ್ಷಣ ಬಿಡಿ, ಇಲ್ದಿದ್ರೆ ಎರಡನೇ ಏಟು ಹೊರಡಲ್ಲ.

ಮತ್ತೆ ಆ ಡ್ರೆಸ್ ಸದ್ದು. ಗಿ ಅಂದ್ರೆ ಕರಾಟೆ ಯೂನಿಫಾರ್ಮ್, ದಪ್ಪ ಬಟ್ಟೆಯದ್ದಾದ್ರೆ ತೋಳು ಝಾಡಿಸಿದಾಗ ಟಪ್ ಅನ್ನತ್ತೆ, ಮಕ್ಕಳಿಗೆ ಅದ್ರದ್ದೇ ಖುಷಿ. ಆ ಸದ್ದು ಬಟ್ಟೆಯದ್ದು. ಅದಕ್ಕೋಸ್ಕರ ಮೊಣಕೈ ಝಾಡಿಸ್ಬೇಡಿ ಅಂತ ಮಕ್ಕಳಿಗೆ ಬಿಡ್ಸಿ ಹೇಳಿ.

ಹಂತ 6: ಗುರಿ

ಬಟ್ಟೆ ಹಗ್ಗಕ್ಕೆ ನ್ಯೂಸ್‌ಪೇಪರಿನ ಒಂದೇ ಒಂದು ಹಾಳೆನ ಎರಡು ಕ್ಲಿಪ್ ಹಾಕಿ ನೇತುಹಾಕಿ. ನಿಮ್ಮ ಎದೆಮೂಳೆ ಮುಗಿಯೋ ಜಾಗದ ಎತ್ತರಕ್ಕೆ ಒಂದು ಬಿಂದಿ ಅಂಟಿಸಿ. ಅದು ಚುದಾನ್, ನಡುಮೈ ಗುರಿ.

ಮೊದಲ ವಾರ ಬಿಂದಿನ ಬರೀ ಮುಟ್ಟಬೇಕು. ಹಾಳೆ ಸುಮ್ನೆ ಒಂಚೂರು ನಡುಗ್ಬೇಕು ಅಷ್ಟೇ. ಕಣ್ಣು ಬಿಂದಿ ಮೇಲೆ, ಕೈ ಮೇಲಲ್ಲ. ದೂರ ಅಂದಾಜು ಸಿಗ್ತಿದೆಯಾ ನೋಡ್ಕೊಳಿ, ಯಾಕಂದ್ರೆ ಹೊಸಬರು ಯಾವಾಗ್ಲೂ ಹತ್ರ ನಿಲ್ತಾರೆ ಅಥವಾ ಕೊನೇಲಿ ಮೈ ಮುಂದಕ್ಕೆ ಬಗ್ಗಿಸಿ ದೂರ ಸರಿದೂಗಿಸ್ತಾರೆ. ತಲೆ ಮುಂದಿನ ಮಂಡಿಗಿಂತ ಮುಂದೆ ಹೋಗ್ಬಾರ್ದು.

ಹತ್ತರಲ್ಲಿ ಎಂಟು ಸಲ ಬಿಂದಿಗೆ ತಾಗ್ತಾ ಇದೆ ಅಂದ್ಮೇಲೆ ವೇಗ ಏರಿಸಿ. ಮೇಲೆ ಮಾತ್ರ ಸಿಕ್ಕಿಸಿರೋ ಹಾಳೆನ ತಳ್ಳಿದ್ರೆ ಅದು ಹಿಂದಕ್ಕೆ ತೂಗಿ ತಪ್ಪಿಸ್ಕೊಳ್ಳತ್ತೆ, ಮುಷ್ಟಿಗೆ ವೇಗ ಇದ್ದಾಗ್ಲೇ ಹಾಳೆಗೆ ತೂಗೋಕೆ ಪುರುಸೊತ್ತಿಲ್ದೇ ತೂತಾಗತ್ತೆ. ಅದಕ್ಕೆ ಇದು ಒಳ್ಳೆ ಪರೀಕ್ಷೆ, ತೋಳಿನ ಬಲ ಇಲ್ಲಿ ಕೆಲ್ಸಕ್ಕೆ ಬರಲ್ಲ. ಕನ್ನಡಿ ಮೇಲೆ ಬಿಂದಿ ಅಂಟಿಸಿ ಅಭ್ಯಾಸ ಮಾಡೋರು ನಿಧಾನ ಪಂಚ್‌ಗೆ ಮಾತ್ರ, ಒಂದು ಗೇಣು ದೂರದಲ್ಲಿ ನಿಲ್ಸೋ ಹಾಗೆ. ಗಾಜು ಒಡೆದ್ರೆ ಕೈ ನರಕ್ಕೇ ಕುತ್ತು.

ಹಂತ 7: ಪ್ಯಾಡು, ಕೊನೆಗೆ ಬಲ

ಈಗ ಬಲ ಸೇರಿಸ್ಬಹುದು. ಮೊದ್ಲು ನಿಮ್ಮ ಬಲದ ಮೂರನೇ ಒಂದು ಭಾಗ, ಹತ್ತು ಏಟು. ಮತ್ತೆ ಸೀಮೆಸುಣ್ಣ ಸವರಿ, ಎರಡು ಚುಕ್ಕಿ ಅದೇ ಜಾಗದಲ್ಲಿ ಬೀಳ್ತಾ ಇದೆಯಾ ನೋಡಿ. ಬಿದ್ರೆ ಅರ್ಧ ಬಲ. ಆಮೇಲೆ ಮುಕ್ಕಾಲು. ಚುಕ್ಕಿ ಚದುರಿದ ಕೂಡ್ಲೇ ಒಂದು ಮೆಟ್ಟಿಲು ಕೆಳಗಿಳೀರಿ. ಸುಸ್ತಾಗಿ ಭುಜದಿಂದ ಹೊಡಿಯೋಕೆ ಶುರುವಾಯ್ತು ಅಂದ್ರೆ ಅವತ್ತಿಗೆ ನಿಲ್ಸಿ, ಲೆಕ್ಕ ಮುಗಿಸ್ಬೇಕು ಅಂತ ಹೊಡೆದ ಕೊನೇ ಐವತ್ತು ಕೆಟ್ಟ ಏಟು ಮೈಗೆ ಕೆಟ್ಟ ಅಭ್ಯಾಸ ಕಲ್ಸತ್ತೆ. ಪ್ಯಾಡ್ ಹಿಡಿಯೋರು ಏಟಿಗೆ ಎದುರಾಗಿ ಪ್ಯಾಡ್ ತಂದು ಬಡೀಬಾರ್ದು, ಸದ್ದು ಚೆನ್ನಾಗಿ ಬರತ್ತೆ ಆದ್ರೆ ನಿಮ್ಮ ದೂರದ ಅಂದಾಜು ಹಾಳಾಗತ್ತೆ.

ಪಂಚಿಂಗ್ ಬ್ಯಾಗ್‌ಗೆ ಹೋಗೋದಾದ್ರೆ ಕೈಗೆ ಪಟ್ಟಿ ಸುತ್ತಿ, ಗ್ಲೌಸ್ ಹಾಕಿ. ಗೋಡೆ, ಮರ, ಮರಳು ಚೀಲಕ್ಕೆ ಗುದ್ದಿ ಗೆಣ್ಣು ಗಟ್ಟಿ ಮಾಡ್ಕೊಳ್ಳೋ ಹುಚ್ಚು ಬೇಡ್ವೇ ಬೇಡ. ಒಕಿನಾವಾದಲ್ಲಿ ಮಕಿವಾರ ಅಂತ ಇದೆ, ಹುಲ್ಲಿನ ಹಗ್ಗ ಸುತ್ತಿದ ಮರದ ಕಂಬ, ಅದನ್ನ ನೋಡಿ ಕೆಲವರು ಮನೆ ಹಿಂದಿನ ಮರಕ್ಕೇ ಶುರು ಹಚ್ಕೋತಾರೆ. ಮಕಿವಾರ ಮೇಲಕ್ಕೆ ಹೋಗ್ತಾ ತೆಳ್ಳಗಿರತ್ತೆ, ಹೊಡೆದ್ರೆ ಬಾಗತ್ತೆ, ಮರ ಬಾಗಲ್ಲ. ಮೂಳೆ ಇನ್ನೂ ಬೆಳೀತಿರೋ ಮಕ್ಕಳು ಮಕಿವಾರಕ್ಕೂ ಹೋಗ್ಬಾರ್ದು. ಏಟಾದ್ಮೇಲೆ ಕಿರುಬೆರಳಿನ ಕಡೆ ಹಿಂಗೈ ಊದಿ, ಗೆಣ್ಣು ಒಳಗೆ ಕೂತ ಹಾಗೆ ಕಂಡ್ರೆ ಎಣ್ಣೆ ಹಾಕಿ ನೀವೋಕೆ ಹೋಗ್ಬೇಡಿ, ಎಕ್ಸ್‌ರೇ ತೆಗ್ಸಿ.

ಹಂತ 8: ಎದುರಿಗೆ ಮನುಷ್ಯ

ಸುಂದೊಮೆ ಅಂದ್ರೆ ಮೈಗೆ ತಾಗೋ ಮುಂಚೆ ಏಟು ನಿಲ್ಲಿಸೋದು. ಜೊತೆಗಾರರು ನಿಧಾನವಾಗಿ ಒಂದು ಹೆಜ್ಜೆ ಮುಂದೆ ಬರ್ಲಿ, ನೀವು ಚುದಾನ್‌ಗೆ ಗ್ಯಾಕು ಜುಕಿ ಹಾಕಿ ಗಿಯ ಬಟ್ಟೆಗೆ ಸೋಕೋ ಹಾಗೆ ನಿಲ್ಸಿ. ಜೋರಾಗಿ ಹೊಡಿಯೋದಕ್ಕಿಂತ ಇದು ಕಷ್ಟ. ಡಬ್ಲ್ಯೂಕೆಎಫ್, ಅಂದ್ರೆ ವಿಶ್ವ ಕರಾಟೆ ಫೆಡರೇಷನ್ ನಿಯಮದ ಕುಮಿಟೆಯಲ್ಲಿ ಪಂಚ್‌ಗೆ ಸಿಗೋದು ಯೂಕೊ, ಒಂದು ಪಾಯಿಂಟ್. ಅದೂ ಫಾರ್ಮ್, ಟೈಮಿಂಗ್, ದೂರ ಸರಿ ಇದ್ರೆ. ವಿಪರೀತ ಜೋರಾಗಿ ತಾಗಿಸಿದ್ರೆ ಪಾಯಿಂಟ್ ಬದ್ಲು ಪೆನಾಲ್ಟಿ ಬರತ್ತೆ. ಅಂದ್ರೆ ಪಂದ್ಯಕ್ಕೆ ಹೋಗೋರಿಗೂ ಬಲಕ್ಕಿಂತ ಮೊದ್ಲು ಹಿಡಿತ ಬೇಕು.

ಹಾಗಾದ್ರೆ ಜಿಮ್?

ಹೋಗಿ, ಖಂಡಿತ ಹೋಗಿ, ಆದ್ರೆ ಹಂತ 5 ದಾಟಿದ್ಮೇಲೆ. ಸ್ಕ್ವಾಟ್, ಲಂಜ್, ಸ್ಕಿಪ್ಪಿಂಗ್, ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಪಕ್ಕಕ್ಕೆ ಎಸೆಯೋದು, ಇವು ಕಾಲು ಸೊಂಟಕ್ಕೆ ನಿಜವಾಗ್ಲೂ ಸಹಾಯ ಮಾಡತ್ತೆ. ಒಂದೇ ಒಂದು ಬೇಡ: ಕೈಯಲ್ಲಿ ಡಂಬೆಲ್ ಹಿಡ್ಕೊಂಡು ಗಾಳಿಗೆ ಪಂಚ್ ಮಾಡೋದು. ಡಂಬೆಲ್ ಎಳೆಯೋದು ಕೆಳಕ್ಕೆ, ಪಂಚ್ ಹೋಗ್ಬೇಕಾಗಿರೋದು ಮುಂದಕ್ಕೆ, ಹಾಗಾಗಿ ಮುಷ್ಟಿ ಬೀಳ್ದೇ ಇರ್ಲಿ ಅಂತ ಭುಜ ಎತ್ತೋ ಅಭ್ಯಾಸ ಆಗತ್ತೆ. ಹಂತ 4ರಲ್ಲಿ ಕಷ್ಟಪಟ್ಟು ಬಿಡಿಸ್ಕೊಂಡಿದ್ದು ಅದನ್ನೇ.

ಬೆಲ್ಟ್ ಟೆಸ್ಟ್ ಹತ್ರ ಇದ್ರೆ

ಇದನ್ನೂ ತುಂಬಾ ಜನ ಕೇಳ್ತೀರ. ಟೆಸ್ಟ್‌ಗೆ ಎರಡು ವಾರ ಮಾತ್ರ ಉಳ್ದಿದ್ರೆ ಇಡೀ ಪಂಚ್ ಬಿಚ್ಚಿ ಜೋಡ್ಸೋಕೆ ಕೂರ್ಬೇಡಿ, ಹಳೇದೂ ಹೋಗಿ ಹೊಸದೂ ಬರ್ದೇ ಮಧ್ಯದಲ್ಲಿ ಸಿಕ್ಕಾಕ್ಕೊಳ್ತೀರ. ನಿಲುವಿನ ಅಗಲ ಮತ್ತು ಕುರ್ಚಿ ಪರೀಕ್ಷೆ, ಇವೆರಡನ್ನ ಮಾತ್ರ ದಿನಾ ಮಾಡಿ. ನಿಮ್ಮ ಮಾಸ್ಟರ್ ಬೇರೆ ಥರ ಹೇಳ್ಕೊಟ್ಟಿದ್ರೆ, ಉದಾಹರಣೆಗೆ ಹಿಮ್ಮಡಿ ಎತ್ತೋಕೆ ಹೇಳಿದ್ರೆ, ಟೆಸ್ಟ್ ಮುಗಿಯೋ ತನಕ ಅವ್ರು ಹೇಳಿದ ಹಾಗೇ ಮಾಡಿ, ಆಮೇಲೆ ವಿಡಿಯೋ ತೋರ್ಸಿ ಯಾಕೆ ಅಂತ ಕೇಳಿ. ಕುಮಿಟೆಗೆ ತಯಾರು ಮಾಡೋ ಮಾಸ್ಟರ್‌ಗಳು ಜಾಸ್ತಿ ದೂರ ತಲುಪ್ಲಿ ಅಂತ ಹಿಮ್ಮಡಿ ಎತ್ತಿಸ್ತಾರೆ, ಅದಕ್ಕೂ ಕಾರಣ ಇದೆ. ಹಿಮ್ಮಡಿ ಎತ್ತಿದ್ರೂ ಮುಂದಿನ ಮಂಡಿ ಮಾತ್ರ ಕುರ್ಚಿಗೆ ತಾಗ್ಬಾರ್ದು.